ಗೆರೆ ಇರಲಿ, ಬೇಲಿ ಬೇಡ: ಪೂಲ್ ಕ್ಯೂ ನೆಟ್ಟಗೆ ಓಡಲು ಮನೆಯಲ್ಲೇ ಮಾಡಿಕೊಳ್ಳುವ ಸಾಧನಗಳು

ಪೂಲ್ ಆಟದಲ್ಲಿ ನೇರ ಶಾಟ್ ತಪ್ಪಿದಾಗ ಆಗುವಷ್ಟು ಬೇಜಾರು ಕೋನದಲ್ಲಿ ಹೊಡೆಯುವ ಕಷ್ಟದ ಕಟ್ ಶಾಟ್ ತಪ್ಪಿದಾಗ ಆಗುವುದಿಲ್ಲ. ವೈಟು (ಕ್ಯೂ ಎಂಬ ಕೋಲಿನಿಂದ ಹೊಡೆಯುವ ಬಿಳಿ ಬಾಲು), ಎದುರಿನ ಬಾಲು, ಪಾಕೆಟ್ಟು ಮೂರೂ ಒಂದೇ ಸಾಲಿನಲ್ಲಿವೆ. ಕೋನದ ಲೆಕ್ಕ ಹಾಕುವಂಥದ್ದು ಏನೂ ಇಲ್ಲ. ಆದರೂ ಬಾಲು ಪಾಕೆಟ್ಟಿನ ಅಂಚಿಗೆ ಬಡಿದು, ಅಲ್ಲೇ ಎರಡು ಸಲ ಅತ್ತಿತ್ತ ಹೊಯ್ದಾಡಿ ನಿಂತುಬಿಡುತ್ತದೆ. ಪಕ್ಕದಲ್ಲಿದ್ದವರು "ಏಮ್ ಸರಿ ಇರ್ಲಿಲ್ಲ ಮಾರಾಯ" ಅನ್ನುತ್ತಾರೆ. ಎಷ್ಟೋ ಸಲ ಏಮ್ ಸರಿಯಾಗಿಯೇ ಇರುತ್ತದೆ. ಗುರಿ ನೋಡಿದ ಗೆರೆ ಒಂದು, ಕ್ಯೂ ಓಡಿದ ಗೆರೆ ಇನ್ನೊಂದು, ಕೆಟ್ಟಿರುವುದು ಅಲ್ಲಿ.

ನಮ್ಮ ಮನೆ ಇರುವುದು ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ. ಟೇಬಲ್ ಬೇಕೆಂದರೆ ಶಿವಮೊಗ್ಗಕ್ಕೆ ಬಸ್ಸು ಹತ್ತಬೇಕು, ಸುಮಾರು 60 ಕಿ.ಮೀ. ಅಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು. ಗೆಳೆಯರು ಜೊತೆಗಿದ್ದಾಗ ಆಟ ಆಡೋಣ ಅನ್ನಿಸುತ್ತದೆಯೇ ಹೊರತು ಒಂದೇ ಸ್ಟ್ರೋಕನ್ನು ಐವತ್ತು ಸಲ ಮಾಡೋಣ ಅನ್ನಿಸುವುದಿಲ್ಲ. ಹಾಗಾಗಿ ಕೈಯನ್ನು ಮನೆಯಲ್ಲೇ ತಿದ್ದಿಕೊಳ್ಳಬೇಕು, ಟೇಬಲ್ ಹತ್ತಿರ ಪರೀಕ್ಷೆಗೆ ಹೋಗಬೇಕು ಎಂದು ತೀರ್ಮಾನಿಸಿದೆ. ಇಲ್ಲಿ ಹೇಳುವುದೆಲ್ಲ ಹಾಗೆ ಮಾಡಿ, ತಪ್ಪಿ, ಬದಲಿಸಿಕೊಂಡ ಸಾಧನಗಳು. ಸ್ನೂಕರ್ ಆಡುವವರಿಗೂ ಇವೇ ನಡೆಯುತ್ತವೆ. ಅಳತೆ ಬೇರೆಯಾಗುವ ಕಡೆ ಹೇಳುತ್ತೇನೆ.

ಮೊದಲು ಓರೆ ಎಷ್ಟಿದೆ ನೋಡಿ

ಸಾಧನ ಮಾಡುವ ಮೊದಲು ಟೇಬಲ್ ಮೇಲೆ ಒಂದು ಪರೀಕ್ಷೆ ಮಾಡಿಕೊಳ್ಳಿ. ವೈಟನ್ನು ಹೆಡ್ ಸ್ಪಾಟ್ ಮೇಲಿಡಿ, ಅಂದರೆ ಟೇಬಲ್ಲಿನ ಉದ್ದದ ನಡುಗೆರೆಯ ಮೇಲೆ, ನೀವು ನಿಂತ ತುದಿಯಿಂದ ಕಾಲುಭಾಗ ದೂರದಲ್ಲಿ. ಎದುರು ತುದಿಯಿಂದ ಅಷ್ಟೇ ದೂರವಿರುವ ಫುಟ್ ಸ್ಪಾಟ್ ಮೇಲೆ ಹಾದು ಎದುರಿನ ಕುಶನ್ನಿನ (ಅಂಚಿನ ರಬ್ಬರ್ ಪಟ್ಟಿಯ) ನಟ್ಟನಡುವಿಗೆ ಹೋಗಿ ವಾಪಸ್ ಬರುವಂತೆ ಹೊಡೆಯಿರಿ. ಹೊಡೆದ ಮೇಲೆ ಏಳಬೇಡಿ, ಕ್ಯೂವನ್ನು ನಿಂತಲ್ಲೇ ನಿಲ್ಲಿಸಿ. ಬಾಲು ಬಂದು ಕ್ಯೂವಿನ ತುದಿಗೆ, ಅಂದರೆ ಟಿಪ್ಪಿಗೇ ತಾಗಬೇಕು.

9 ಅಡಿಯ ಪೂಲ್ ಟೇಬಲ್ಲಿನ ಆಟದ ಜಾಗ 254 ಸೆಂ.ಮೀ ಉದ್ದ, 127 ಸೆಂ.ಮೀ ಅಗಲ. ಹೆಡ್ ಸ್ಪಾಟಿನಿಂದ ಎದುರಿನ ಕುಶನ್ನಿಗೆ ಸುಮಾರು 190 ಸೆಂ.ಮೀ. ಬಾಲು ಹೊರಟ ದಾರಿ ಒಂದೇ ಒಂದು ಡಿಗ್ರಿ ಓರೆಯಾದರೆ ಕುಶನ್ ಮುಟ್ಟುವಾಗ 3.3 ಸೆಂ.ಮೀ ಪಕ್ಕ, ವಾಪಸ್ ಬರುವಾಗ 6.6 ಸೆಂ.ಮೀ ಪಕ್ಕ. ಪೂಲ್ ಬಾಲಿನ ಅಗಲ 5.7 ಸೆಂ.ಮೀ. ಅಂದರೆ ಒಂದು ಡಿಗ್ರಿ ತಪ್ಪು ಒಂದಿಡೀ ಬಾಲಿನ ಅಗಲಕ್ಕಿಂತ ದೊಡ್ಡದಾಗಿ ಕಣ್ಣಿಗೆ ಬೀಳುತ್ತದೆ. 8 ಅಡಿ ಟೇಬಲ್ಲಿನಲ್ಲಿ ಸರಿಸುಮಾರು ಒಂದು ಬಾಲಿನಷ್ಟು. ಸ್ನೂಕರ್ ಟೇಬಲ್ಲಿನಲ್ಲಾದರೆ ಬ್ರೌನ್ ಸ್ಪಾಟಿನಿಂದ ಬ್ಲೂ, ಪಿಂಕ್, ಬ್ಲಾಕ್ ಸ್ಪಾಟುಗಳ ಮೇಲೆ ಹಾಯಿಸಿ ವಾಪಸ್ ತರಿಸುವುದು ಹಳೆಯ ಪದ್ಧತಿ.

ಇನ್ನೊಂದು ಸುಳಿವು ಪಟ್ಟೆ ಬಾಲಿನಲ್ಲಿದೆ. 9ರಿಂದ 15ರವರೆಗಿನ ಯಾವುದಾದರೂ ಬಾಲನ್ನು ವೈಟಿನ ಜಾಗದಲ್ಲಿಟ್ಟು, ಪಟ್ಟೆ ನೆಟ್ಟಗೆ ನಿಂತು ಹೊಡೆಯುವ ದಿಕ್ಕಿಗೇ ಇರುವಂತೆ ಮಾಡಿ. ಟಿಪ್ಪು ಮಧ್ಯಗೆರೆಯ ಮೇಲೆ ತಾಗಿದರೆ ಪಟ್ಟೆ ಗಾಲಿಯ ಹಾಗೆ ನೆಟ್ಟಗೆ ಉರುಳುತ್ತದೆ. ಸ್ವಲ್ಪ ಪಕ್ಕಕ್ಕೆ ತಾಗಿದರೂ ಪಟ್ಟೆ ಓಲಾಡುತ್ತದೆ. ಬಾಲು ಹೋಗುವಾಗ ನೆಟ್ಟಗೆ ಹೋಗಿ ಕುಶನ್ ಮುಟ್ಟಿದ ಮೇಲೆ ಓರೆಯಾದರೆ ನಿಮಗೆ ಗೊತ್ತಿಲ್ಲದೆ ಸೈಡ್ (ಪಕ್ಕಕ್ಕೆ ತಾಗಿದ್ದರಿಂದ ಬರುವ ಸುತ್ತು) ಬಿದ್ದಿದೆ ಎಂದೇ ಅರ್ಥ.

ಹತ್ತು ಸಲ ಹೊಡೆಯಿರಿ. ಎಷ್ಟು ಟಿಪ್ಪಿಗೆ ಬಂತು, ಎಷ್ಟು ಎಡಕ್ಕೆ, ಎಷ್ಟು ಬಲಕ್ಕೆ, ಬರೆದಿಟ್ಟುಕೊಳ್ಳಿ. ಟೇಬಲ್ಲಿನ ಇನ್ನೊಂದು ತುದಿಯಿಂದಲೂ ಹತ್ತು ಹೊಡೆಯಿರಿ. ಎರಡೂ ಕಡೆಯಿಂದ ಬಾಲು ಒಂದೇ ಗೋಡೆಯ ಕಡೆ ವಾಲುತ್ತಿದ್ದರೆ ದೋಷ ಟೇಬಲ್ ಮಟ್ಟದ್ದು, ನಿಮ್ಮ ಕೈಯದಲ್ಲ.

ಕೈ ಯಾಕೆ ಓರೆಯಾಗುತ್ತದೆ

ಬ್ರಿಜ್ ಕೈ, ಅಂದರೆ ಕ್ಯೂವಿನ ಮುಂಭಾಗಕ್ಕೆ ಆಸರೆಯಾಗಿ ಟೇಬಲ್ ಮೇಲೆ ಇಡುವ ಕೈ, ಒಂದು ಕೀಲು ಇದ್ದ ಹಾಗೆ. ಹಿಂದಿನ ಕೈ ಎಡಕ್ಕೆ ಹೋದರೆ ಮುಂದಿನ ಟಿಪ್ಪು ಬಲಕ್ಕೆ ಹೋಗುತ್ತದೆ, ಹಿಂದಿನದು ಬಲಕ್ಕೆ ಹೋದರೆ ಟಿಪ್ಪು ಎಡಕ್ಕೆ. ಬಲಗೈಯವರು ಹೊಡೆಯುವ ಕ್ಷಣದಲ್ಲಿ ಮುಷ್ಟಿ ಬಿಗಿದರೆ ಕ್ಯೂವಿನ ಬುಡ ಎದೆಯ ಕಡೆ ಬರುತ್ತದೆ, ಟಿಪ್ಪು ಬಲಕ್ಕೆ ಜಾರುತ್ತದೆ. ಸೊಂಟ ಅಡ್ಡ ಬಂದು ಬುಡವನ್ನು ಹೊರಗೆ ತಳ್ಳಿದರೆ ಟಿಪ್ಪು ಎಡಕ್ಕೆ. ಮುಂದೆ ಹೇಳುವ ಸಾಧನಗಳಲ್ಲಿ ಯಾವ ಬದಿ ತಾಗಿತು ಎಂದು ನೋಡುವುದು ಇದಕ್ಕೇ.

ಟಿಪ್ಪು ಬಾಲಿಗೆ ಅಂಟಿರುವುದು ಒಂದು ಸೆಕೆಂಡಿನ ಸಾವಿರದ ಒಂದೆರಡು ಭಾಗದಷ್ಟು ಹೊತ್ತು ಮಾತ್ರ. ಫಾಲೋ ಥ್ರೂ ಮಾಡುವ, ಅಂದರೆ ತಾಗಿದ ಮೇಲೂ ಕ್ಯೂವನ್ನು ಮುಂದಕ್ಕೆ ಬಿಡುವ ಹೊತ್ತಿಗೆ ಬಾಲು ಹೊರಟುಹೋಗಿರುತ್ತದೆ. ಹಾಗಾದರೆ ಫಾಲೋ ಥ್ರೂ ಯಾಕೆ? ಕ್ಯೂವನ್ನು ಬಾಲಿನ ಹತ್ತಿರವೇ ನಿಲ್ಲಿಸಬೇಕು ಎಂದುಕೊಂಡ ಕೈ, ತಾಗುವ ಮೊದಲೇ ಬ್ರೇಕ್ ಹಾಕಲು ಶುರುಮಾಡುತ್ತದೆ. ಓರೆಯಾಗುವುದು ಆಗಲೇ. ಇನ್ನೂ 12-15 ಸೆಂ.ಮೀ ಮುಂದೆ ಹೋಗಬೇಕು ಎಂದು ಗೊತ್ತಿರುವ ಕೈ ತಾಗುವ ಕ್ಷಣದಲ್ಲಿ ಸಡಿಲವಾಗಿರುತ್ತದೆ. ಮೊಣಕೈ ಕೆಳಗೆ ಇಳಿಯಬಹುದೋ ಬಾರದೋ ಎಂಬ ಜಗಳ ಪೂಲ್ ಪಾರ್ಲರ್‌ಗಳಲ್ಲಿ ಮುಗಿಯುವುದೇ ಇಲ್ಲ. ಬಾಲು ಹೊರಟ ಮೇಲೆ ಇಳಿದರೆ ಏನೂ ಕೆಡುವುದಿಲ್ಲ, ತಾಗುವ ಮೊದಲು ಇಳಿಯಬಾರದು ಎಂಬುದು ನನ್ನ ನಿಲುವು. 2003ರಲ್ಲಿ ಚೀನಾದಲ್ಲಿ ನಡೆದ ವಿಶ್ವ ಹವ್ಯಾಸಿ ಸ್ನೂಕರ್ ಗೆದ್ದ ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ಅವರ ಆಟದ ವಿಡಿಯೊ ಸಿಕ್ಕರೆ, ಬಾಲನ್ನು ಬಿಟ್ಟು ಅವರ ಮೊಣಕೈ ಒಂದನ್ನೇ ನೋಡುತ್ತ ಹತ್ತು ನಿಮಿಷ ಕೂರಿ.

ನಿಲುವನ್ನು ಬೇಗ ಹೇಳಿಬಿಡುತ್ತೇನೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಟೈಲ್ಸ್ ಇದ್ದರೆ ಅದರ ಸಂದೇ ಸಾಕು, ರೆಡ್ ಆಕ್ಸೈಡ್ ನೆಲದ ಮೇಲೆ ಬಿಳಿ ಗೆರೆ ಚೆನ್ನಾಗಿ ಕಾಣುತ್ತದೆ. ಬಲಗೈಯವರ ಬಲಪಾದ ಆ ಗೆರೆಯ ಮೇಲೆ, ಎಡಪಾದ ಸ್ವಲ್ಪ ಮುಂದೆ, ಪಕ್ಕಕ್ಕೆ. ಬಗ್ಗಿದಾಗ ಕ್ಯೂ ಗೆರೆಯ ನೇರಕ್ಕೇ ಇರಬೇಕು, ಗಲ್ಲದ ಕೆಳಗೆ ಹಾಯಬೇಕು. ಹಿಡಿತಕ್ಕೆ ಒಂದೇ ಮಾತು: ಡೈರಿಗೆ ಹಾಲಿನ ಕ್ಯಾನು ಒಯ್ಯುವವರ ಬೆರಳು ನೋಡಿ. ಹಿಡಿಕೆ ಬೆರಳ ಮಡಿಕೆಯಲ್ಲಿ ನೇತಾಡುತ್ತಿರುತ್ತದೆ, ಯಾರೂ ಅದನ್ನು ಹಿಸುಕುವುದಿಲ್ಲ. ಪೂಲ್ ಕ್ಯೂವಿನ ತೂಕ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅದನ್ನು ನೇತಾಡಲು ಬಿಡಿ.

ಮೊದಲ ಸಾಧನ: ಅರ್ಧ ಲೀಟರ್ ನೀರಿನ ಬಾಟಲಿ

ಖರ್ಚಿಲ್ಲದ, ಎಲ್ಲರಿಗೂ ಸಿಗುವ, ನಾನು ಇವತ್ತಿಗೂ ಬಿಡದ ಸಾಧನ ಇದು. ಊಟದ ಮೇಜಿನ ಮೇಲೆ ಖಾಲಿ ಬಾಟಲಿಯನ್ನು ಅಡ್ಡ ಮಲಗಿಸಿ, ಅದರ ಬಾಯೊಳಗೆ ಕ್ಯೂ ಆಡಿಸುವುದು. ಇದನ್ನು ಹಲವರು ಬಲ್ಲರು, ಆದರೆ ಅಳತೆ ನೋಡದೆ ಮಾಡುತ್ತಾರೆ.

ಬಾಟಲಿ ಬಾಯಿಯ ಒಳ ಅಗಲ ಸುಮಾರು 21-22 ಮಿ.ಮೀ. ಪೂಲ್ ಕ್ಯೂವಿನ ಟಿಪ್ಪು 12-13 ಮಿ.ಮೀ. ಅಂದರೆ ಎರಡೂ ಬದಿಗೆ ನಾಲ್ಕು ಮಿ.ಮೀ.ಯಷ್ಟು ಜಾಗ. ಸ್ನೂಕರ್ ಕ್ಯೂವಿನ ಟಿಪ್ಪು 9-10 ಮಿ.ಮೀ. ಇರುವುದರಿಂದ ಅವರಿಗೆ ಸ್ವಲ್ಪ ಹೆಚ್ಚು ಸಡಿಲ. ಇನ್ನು ಎತ್ತರ. ಪೂಲ್ ಬಾಲಿನ ನಡುಮಧ್ಯ ಟೇಬಲ್ಲಿನಿಂದ 28.6 ಮಿ.ಮೀ. ಮೇಲಿರುತ್ತದೆ. ಲೀಟರ್ ಬಾಟಲಿ ಮಲಗಿಸಿದರೆ ಅದರ ಬಾಯಿಯ ಮಧ್ಯ ಅದಕ್ಕಿಂತ ಒಂದು ಸೆಂ.ಮೀ. ಎತ್ತರ ಬಂದು, ನೀವು ಬಾಲಿನ ನೆತ್ತಿಗೆ ಹೊಡೆಯುವ ಅಭ್ಯಾಸ ಮಾಡಿಕೊಳ್ಳುತ್ತೀರಿ. ಅರ್ಧ ಲೀಟರಿನದಾದರೆ ಮೂರ್ನಾಲ್ಕು ಮಿ.ಮೀ. ಮಾತ್ರ ಹೆಚ್ಚು. ಬ್ರಿಜ್ ಕೈ ಕೆಳಗೆ ಒಂದು ತೆಳು ನೋಟ್‌ಬುಕ್ ಇಟ್ಟರೆ ಲೆಕ್ಕ ಸರಿಹೋಯಿತು.

ಬಾಟಲಿಯಲ್ಲಿ ನೀರು ತುಂಬಬೇಡಿ, ಟೇಪು ಹಚ್ಚಿ ಮೇಜಿಗೆ ಅಂಟಿಸಲೂಬೇಡಿ. ಹಗುರವಾಗಿರಬೇಕು, ಮುಟ್ಟಿದರೆ ಕದಲಬೇಕು. ಅದು ಕದಲುವುದೇ ನಿಮಗೆ ಸಿಗುವ ಸುದ್ದಿ. ಉರುಳಿಹೋಗದಂತೆ ಎರಡೂ ಬದಿಗೆ ಒಂದೊಂದು ಅಡಿಕೆ ಸಿಕ್ಕಿಸಿದರೆ ಸಾಕು.

ಕ್ರಮ ಹೀಗೆ:

1. ಬ್ರಿಜ್ ಕೈಯಿಂದ ಬಾಟಲಿ ಬಾಯಿಗೆ 20 ಸೆಂ.ಮೀ. ಅಂತರ ಬಿಡಿ. ಟೇಬಲ್ ಮೇಲೆ ಬ್ರಿಜ್ಜಿನಿಂದ ವೈಟಿಗೆ ಇರುವಷ್ಟೇ.

2. ಟಿಪ್ಪನ್ನು ಬಾಯಿಯ ಅಂಚಿಗೆ ತಂದು ನಿಲ್ಲಿಸಿ. ಕ್ಯೂ ಮಧ್ಯದಲ್ಲಿದೆಯೇ ನೋಡಿ. ಇಲ್ಲದಿದ್ದರೆ ಕೈ ತಿರುಗಿಸಬೇಡಿ, ಎದ್ದು ನಿಂತು ಮತ್ತೆ ಬಗ್ಗಿ.

3. ಬಾಯಿಯಿಂದ ಎರಡು ಬೆರಳಷ್ಟು ಹೊರಗೆ, ಎರಡು ಬೆರಳಷ್ಟು ಒಳಗೆ, ನಿಧಾನವಾಗಿ ನಾಲ್ಕು ಸಲ ಆಡಿಸಿ.

4. ಐದನೆಯ ಸಲ ಪೂರ್ತಿ ಹಿಂದಕ್ಕೆ ಎಳೆದು, ಅಲ್ಲಿ ಅರೆ ಕ್ಷಣ ನಿಲ್ಲಿಸಿ, ಬಾಟಲಿಯೊಳಗೆ 12 ಸೆಂ.ಮೀ. ಹೋಗುವಂತೆ ಬಿಡಿ. ಅಲ್ಲೇ ನಿಲ್ಲಿ.

5. ಈಗ ಕಣ್ಣು ಇಳಿಸಿ ನೋಡಿ. ಕ್ಯೂ ಯಾವ ಬದಿಯ ಅಂಚಿಗೆ ಒರಗಿದೆ? ಬಾಟಲಿ ಯಾವ ಕಡೆ ಸರಿದಿದೆ?

ಪ್ಲಾಸ್ಟಿಕ್ಕಿಗೆ ತಾಗಿದಾಗ ಬರುವ "ಟಕ್" ಸದ್ದನ್ನು ಗಮನವಿಟ್ಟು ಕೇಳಿ. ಒಳಗೆ ಹೋಗುವಾಗಲೇ ಬಂದರೆ ನಿಲುವಿನ ದೋಷ. ಕೊನೆಯಲ್ಲಿ ಬಂದರೆ ಮುಷ್ಟಿ ಬಿಗಿಯುತ್ತಿದೆ. ವಾಪಸ್ ಎಳೆಯುವಾಗ ಬಂದರೆ ಮಣಿಕಟ್ಟು ತಿರುಚುತ್ತಿದೆ. ನನಗೆ ಮೊದಲ ವಾರವೆಲ್ಲ ಕೊನೆಯ ಟಕ್ ಬರುತ್ತಿತ್ತು, ಅದೂ ಯಾವಾಗಲೂ ಬಲಬದಿಗೆ. ಕಿರುಬೆರಳು, ಉಂಗುರಬೆರಳು ಎರಡನ್ನೂ ಸಡಿಲ ಬಿಟ್ಟ ದಿನ ಅದು ಅರ್ಧಕ್ಕರ್ಧ ಕಡಿಮೆಯಾಯಿತು.

ಎರಡು ವಾರದ ನಂತರ ಕಣ್ಣು ಮುಚ್ಚಿ ಮಾಡಿ. ಬಗ್ಗಿ, ಸರಿ ನೋಡಿಕೊಂಡು, ಕಣ್ಣು ಮುಚ್ಚಿ ಬಿಡುವುದು. ಕೈಗೆ ತನ್ನ ದಾರಿ ಗೊತ್ತಾಗಿದೆಯೋ, ಕಣ್ಣು ನೋಡುತ್ತ ನೋಡುತ್ತ ತಿದ್ದುತ್ತಿದೆಯೋ ಎಂಬುದು ಆಗ ಬಯಲಾಗುತ್ತದೆ.

ಎರಡನೆಯದು: ರೀಪಿನ ಕಾಲುವೆ, ಮತ್ತು ಆಚಾರ್ರು ಹೇಳಿದ ಮಾತು

ನಾನು ದೊಡ್ಡ ತಪ್ಪು ಮಾಡಿದ್ದು ಇಲ್ಲಿ. ಮುಕ್ಕಾಲು ಮೀಟರ್ ಉದ್ದದ ಪ್ಲೈವುಡ್ ಮೇಲೆ ಎರಡು ರೀಪಿನ ತುಂಡು ನಿಲ್ಲಿಸಿ, ನಡುವೆ ಕ್ಯೂ ಓಡುವಷ್ಟೇ ಸಂದು ಬಿಟ್ಟು ಸ್ಕ್ರೂ ಹೊಡೆಸಿದ್ದೆ. ಸಂದು 14 ಮಿ.ಮೀ., ಶಾಫ್ಟು (ಕ್ಯೂವಿನ ಮುಂಭಾಗದ ತೆಳು ಕೋಲು) 13 ಮಿ.ಮೀ. ಅಲುಗಾಡಲು ಜಾಗವೇ ಇಲ್ಲ. ಕ್ಯೂ ಅದರೊಳಗೆ ಎಣ್ಣೆ ಹಚ್ಚಿದ ಹಾಗೆ ಓಡುತ್ತಿತ್ತು. ಒಂದು ಮಳೆಗಾಲ ಪೂರ್ತಿ, ದಿನಕ್ಕೆ ನೂರು ಸ್ಟ್ರೋಕಿನಂತೆ ಅದರಲ್ಲೇ ಆಡಿಸಿದೆ. ಕೈ ಪಳಗಿತು ಎಂದು ನಂಬಿ ದಸರಾ ಹೊತ್ತಿಗೆ ಶಿವಮೊಗ್ಗಕ್ಕೆ ಹೋಗಿ ಟೇಬಲ್ ಮೇಲೆ ಅದೇ ಹತ್ತು ಹೊಡೆತದ ಪರೀಕ್ಷೆ ಮಾಡಿದೆ. ಮೂರು ತಿಂಗಳ ಹಿಂದಿನ ಲೆಕ್ಕವೇ ಬಂತು. ಒಂದೂ ಹೆಚ್ಚಲಿಲ್ಲ. ಆ ದಿನ ಬಸ್ಸಿನಲ್ಲಿ ವಾಪಸ್ ಬರುವಾಗ ಯಾರ ಹತ್ತಿರವೂ ಮಾತಾಡಲು ಮನಸ್ಸಾಗಲಿಲ್ಲ.

ರೀಪು ಕೊಯ್ದು ಕೊಟ್ಟ ಆಚಾರ್ರ ಹತ್ತಿರ ಅದನ್ನು ವಾಪಸ್ ಒಯ್ದೆ.

"ಎಂತ ಆಯ್ತು ಮಾರಾಯ್ರೆ, ನೆಟ್ಟಗಿಲ್ವ?"

"ಇದು ನೆಟ್ಟಗಿದೆ ಆಚಾರ್ರೆ. ನನ್ನ ಕೈ ನೆಟ್ಟಗಾಗ್ಲಿಲ್ಲ."

ಅವರು ಕ್ಯೂ ಈಸಿಕೊಂಡು, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದರು. ಆಮೇಲೆ ಕಾಲುವೆಯಲ್ಲಿ ಎರಡು ಸಲ ಓಡಿಸಿದರು. "ಇದ್ರಲ್ಲಿ ನಮ್ಮನೆ ಮಗು ಓಡಿಸಿದ್ರೂ ನೆಟ್ಟಗೇ ಹೋಗ್ತದೆ. ಕೆಲ್ಸ ಕಲಿಯೋ ಹುಡುಗ್ರಿಗೆ ನಾವು ಹಲಗೆ ಮೇಲೆ ಗೆರೆ ಹಾಕಿ ಕೊಡ್ತೀವಿ, ಗೆರೆ ಮೇಲೆ ಕೊಯ್ಯಿ ಅಂತ. ಗರಗಸಕ್ಕೆ ಎರಡೂ ಕಡೆ ಬೇಲಿ ಹಾಕಿ ಕೊಟ್ರೆ ಅವ್ನು ಕಲಿಯೋದು ಯಾವಾಗ?"

ಅಷ್ಟೇ ಮಾತು. ಬಿಗಿಯಾದ ಸಂದಿನಲ್ಲಿ ನನ್ನ ಮಣಿಕಟ್ಟು ತಿರುಚುತ್ತಲೇ ಇತ್ತು. ಆ ಓರೆಯನ್ನೆಲ್ಲ ಮರ ತಡೆಯುತ್ತಿತ್ತು. ನನಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಆಮೇಲಿನಿಂದ ಯಾವ ಸಾಧನ ಕಂಡರೂ ನಾನು ಕೇಳುವ ಪ್ರಶ್ನೆ ಇದೊಂದೇ: ಇದು ಗೆರೆಯೋ, ಬೇಲಿಯೋ? ತಪ್ಪನ್ನು ತೋರಿಸುತ್ತದೋ, ತಪ್ಪಾಗದಂತೆ ಹಿಡಿದುಕೊಳ್ಳುತ್ತದೋ?

ಕಲಿಕೆಯ ಬಗ್ಗೆ ಅಧ್ಯಯನ ಮಾಡಿದವರೂ ಇದಕ್ಕೆ ಹತ್ತಿರದ ಮಾತನ್ನೇ ಹೇಳಿದ್ದಾರೆ. 1984ರಲ್ಲಿ ಸಲ್ಮೋನಿ, ಶ್ಮಿಟ್, ವಾಲ್ಟರ್ ಎಂಬ ಮೂವರು ಸಂಶೋಧಕರು ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರು. ಪ್ರತಿಯೊಂದು ಯತ್ನಕ್ಕೂ ಹೊರಗಿನಿಂದ ದಾರಿ ತೋರಿಸುತ್ತಿದ್ದರೆ ಅಭ್ಯಾಸದ ಹೊತ್ತಿನಲ್ಲಿ ಕೆಲಸ ಚೆನ್ನಾಗಿ ನಡೆಯುತ್ತದೆ, ಆ ನೆರವು ತೆಗೆದ ಕೂಡಲೇ ಕುಸಿಯುತ್ತದೆ ಎಂಬುದು ಅವರು ಮುಂದಿಟ್ಟ ವಾದ.

ಕಾಲುವೆ ಬೇಡವೇ ಬೇಡ ಎನ್ನುತ್ತಿಲ್ಲ. ಸರಿಯಾಗಿ ಮಾಡಿದರೆ ಅದೂ ಒಳ್ಳೆಯ ಗೆರೆಯಾಗುತ್ತದೆ. 2 ಇಂಚು ಅಗಲ, 1 ಇಂಚು ದಪ್ಪದ ರೀಪು ತೆಗೆದುಕೊಳ್ಳಿ. ಹಳೇ ಮನೆ ಬಿಚ್ಚಿದ ರೀಪು ಸಿಕ್ಕರೆ ಅದೇ ಉತ್ತಮ; ವರ್ಷಗಟ್ಟಲೆ ಹೆಂಚಿನ ಕೆಳಗೆ ಒಣಗಿದ್ದು ಇನ್ನು ಬಾಗುವುದಿಲ್ಲ. ಒಂದು ಬದಿ ಪ್ಲೇನಿಂಗ್ ಮಾಡಿಸಿ, 30 ಸೆಂ.ಮೀ.ನ ಎರಡು ತುಂಡು ಕೊಯ್ಸಿ. ಪ್ಲೈವುಡ್ ಮೇಲೆ ಅಗಲದ ಬದಿ ನಿಲ್ಲುವಂತೆ ಎದುರುಬದುರು ಇಡಿ. ಬ್ರಿಜ್ ಕೈಯನ್ನೂ ಅದೇ ಪ್ಲೈವುಡ್ ಮೇಲೆ, ರೀಪಿನ ಹಿಂದೆ ಇಡಬೇಕು. ಸ್ಕ್ರೂ ಹೊಡೆಯಬೇಡಿ. ಸಡಿಲವಾಗಿಯೇ ಇರಲಿ, ತಾಗಿದರೆ ಸರಿಯಲಿ.

ಸಂದು 21 ಮಿ.ಮೀ.ಗೆ ಇಟ್ಟು ಶುರುಮಾಡಿ. ಶಾಫ್ಟಿನ ಎರಡೂ ಬದಿಗೆ ನಾಲ್ಕು ನಾಲ್ಕು ಮಿ.ಮೀ. ಸಿಗುತ್ತದೆ. ಬ್ರಿಜ್ಜಿನಿಂದ 20 ಸೆಂ.ಮೀ. ದೂರದಲ್ಲಿ ನಾಲ್ಕು ಮಿ.ಮೀ. ಅಂದರೆ ಸುಮಾರು ಒಂದು ಡಿಗ್ರಿ. ಅದನ್ನು ಮುಟ್ಟದೆ ಇಪ್ಪತ್ತು ಸ್ಟ್ರೋಕ್ ಮಾಡಲು ಬಂದ ಮೇಲೆ ಬದಿಗೆ ಎರಡು ಮಿ.ಮೀ.ಗೆ ಇಳಿಸಿ, ಅರ್ಧ ಡಿಗ್ರಿ ಆಯಿತು. ಅದಕ್ಕಿಂತ ಬಿಗಿ ಮಾಡಿದರೆ ಮತ್ತೆ ಬೇಲಿಯೇ.

ರೀಪಿನ ಒಳಬದಿಗೆ ಶಾಲೆಯ ಸೀಮೆಸುಣ್ಣ ಉಜ್ಜಿ. ಹತ್ತು ಸ್ಟ್ರೋಕ್ ಆದ ಮೇಲೆ ಶಾಫ್ಟನ್ನು ಬೆಳಕಿಗೆ ಹಿಡಿದು ನೋಡಿದರೆ ಬಿಳಿ ಗೀರು ಎಲ್ಲಿದೆ ಎಂದು ಕಾಣುತ್ತದೆ. ಟಿಪ್ಪಿನ ಹತ್ತಿರ ತೆಳ್ಳಗೆ ಒಂದು ಗೀರು ಬಿದ್ದಿದ್ದರೆ ಕೊನೆಯಲ್ಲಿ ಕೈ ತಿರುಗಿದೆ. ಉದ್ದಕ್ಕೂ ಅಗಲವಾಗಿ ಹಿಟ್ಟು ಮೆತ್ತಿದ ಹಾಗಿದ್ದರೆ ನೀವು ನಿಂತದ್ದೇ ಓರೆ. ಒಣ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಟಿಪ್ಪು ಜಾರದಂತೆ ಹಚ್ಚುವ ಕ್ಯೂ ಚಾಕನ್ನು ಇದಕ್ಕೆ ಬಳಸಬೇಡಿ. ಅದರಲ್ಲಿ ಮರ ತೀಡುವಂಥ ಗಟ್ಟಿ ಪುಡಿ ಇರುತ್ತದೆ, ಶಾಫ್ಟು ನೀಲಿಯಾಗಿ ಕೂರುತ್ತದೆ.

ಇದಾದ ಮೇಲಿನ ಹಂತಕ್ಕೆ ರೀಪೂ ಬೇಡ. ನಾಲ್ಕು ಖಾಲಿ ಬೆಂಕಿಪೊಟ್ಟಣ ನೆಟ್ಟಗೆ ನಿಲ್ಲಿಸಿ: ಎರಡು ಬ್ರಿಜ್ಜಿನಿಂದ 10 ಸೆಂ.ಮೀ. ಮುಂದೆ, ಎರಡು 25 ಸೆಂ.ಮೀ. ಮುಂದೆ. ಕ್ಯೂ ತಾಗಿದ್ದು ಬೀಳುತ್ತದೆ. ಬಿದ್ದದ್ದನ್ನು ಎತ್ತಿ ನಿಲ್ಲಿಸುವ ಆ ಹತ್ತು ಸೆಕೆಂಡು, ಏನು ತಪ್ಪಿತು ಎಂದು ಯೋಚಿಸಲು ಸಿಗುವ ಬಿಡುವು. ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಈ ಪೊಟ್ಟಣಗಳೇ.

ದಾರ ಮತ್ತು ಕನ್ನಡಿ

ಗಾರೆಯವರು ಗೋಡೆ ನೋಡಲು ಗುಂಡು ಇಳಿಬಿಡುತ್ತಾರಲ್ಲ, ಅದೇ ವಿದ್ಯೆ ಮೊಣಕೈಗೆ. ಒಂದು ದಾರದ ತುದಿಗೆ ಕಬ್ಬಿಣದ ನಟ್ಟು ಕಟ್ಟಿ, ಇನ್ನೊಂದು ತುದಿಯನ್ನು ಮೊಣಕೈಯ ಮೇಲೆ ರಬ್ಬರ್ ಬ್ಯಾಂಡಿನಲ್ಲಿ ಸಿಕ್ಕಿಸಿ. ಟಿಪ್ಪು ಬಾಲಿಗೆ ತಾಗುವ ಭಂಗಿಯಲ್ಲಿ ನಿಂತು, ಮನೆಯವರ ಕೈಲಿ ಪಕ್ಕದಿಂದ ಒಂದು, ಹಿಂದಿನಿಂದ ಒಂದು ಫೋಟೊ ತೆಗೆಸಿ. ಪಕ್ಕದ ಫೋಟೊದಲ್ಲಿ ಮುಂಗೈ ದಾರಕ್ಕೆ ಸಮವಾಗಿ ನೆಟ್ಟಗೆ ಇಳಿದಿರಬೇಕು. ಕೈ ದಾರಕ್ಕಿಂತ ಮುಂದಿದ್ದರೆ ಹಿಡಿತವನ್ನು ಸ್ವಲ್ಪ ಹಿಂದೆ ಸರಿಸಿ, ಹಿಂದಿದ್ದರೆ ಮುಂದೆ. ಹಿಂದಿನಿಂದ ತೆಗೆದ ಫೋಟೊದಲ್ಲಿ ಮೊಣಕೈ, ದಾರ, ಮಣಿಕಟ್ಟು, ಕ್ಯೂ ಎಲ್ಲ ಒಂದೇ ಸಾಲು. ಮೊಣಕೈ ಕೋಳಿ ರೆಕ್ಕೆಯ ಹಾಗೆ ಹೊರಗೆ ಬಂದಿದ್ದರೆ ಅಲ್ಲೇ ಕಾಣುತ್ತದೆ.

ಕನ್ನಡಿಯನ್ನು ಹೆಚ್ಚಿನವರು ಬಳಸುವುದೇ ಇಲ್ಲ. ಬೀರು ಕನ್ನಡಿಯ ಮುಂದೆ ಮೇಜು ಎಳೆದು, ಕ್ಯೂವನ್ನು ಕನ್ನಡಿಗೆ ನೇರವಾಗಿ ಗುರಿಯಿಟ್ಟು ಬಗ್ಗಿ. ಕ್ಯೂ, ಅದರ ಬಿಂಬ ಎರಡೂ ಸೇರಿ ಒಂದೇ ಉದ್ದದ ಕೋಲಿನ ಹಾಗೆ ಕಾಣಬೇಕು. ಕ್ಯೂ ಒಂದು ಡಿಗ್ರಿ ತಿರುಗಿದರೆ ಬಿಂಬವೂ ಅಷ್ಟೇ ತಿರುಗುತ್ತದೆ. ಎರಡರ ನಡುವಿನ ಮುರಿವು ಎರಡು ಡಿಗ್ರಿ. ತಪ್ಪು ಇಮ್ಮಡಿಯಾಗಿ ಕಾಣುವುದರಿಂದ ಸಣ್ಣ ಓರೆಯೂ ತಪ್ಪಿಸಿಕೊಳ್ಳುವುದಿಲ್ಲ. ಟಿಪ್ಪು ಗಾಜಿಗೆ ತಾಗದಂತೆ ಒಂದು ಗೇಣು ದೂರ ಇಟ್ಟುಕೊಳ್ಳಿ.

ಟೇಬಲ್ ಸಿಕ್ಕಾಗ: ಚಾಕಿನ ಬಾಗಿಲು

ಶಿವಮೊಗ್ಗಕ್ಕೆ ಹೋದ ದಿನ ಮೊದಲ ಹದಿನೈದು ನಿಮಿಷ ಇದಕ್ಕೆ ಮೀಸಲಿಡಿ. ವೈಟಿನ ಮುಂದೆ ಅರ್ಧ ಮೀಟರ್ ದೂರದಲ್ಲಿ ಎರಡು ಚಾಕಿನ ತುಂಡುಗಳನ್ನು ಬಾಗಿಲಿನ ಹಾಗಿಡಿ. ನಡುವಿನ ಸಂದು 67 ಮಿ.ಮೀ., ಅಂದರೆ ಬಾಲಿನ ಎರಡೂ ಬದಿಗೆ ಐದೈದು ಮಿ.ಮೀ. ಮುಟ್ಟದೆ ಹಾದುಹೋದರೆ ನಿಮ್ಮ ಓರೆ ಸುಮಾರು ಅರ್ಧ ಡಿಗ್ರಿಯೊಳಗಿದೆ. ಬಾಗಿಲನ್ನು ಒಂದು ಮೀಟರಿಗೆ ಸರಿಸಿದರೆ ಕಾಲು ಡಿಗ್ರಿಯ ಆಸುಪಾಸು. ಸ್ನೂಕರ್ ಬಾಲು 52.5 ಮಿ.ಮೀ. ಇರುವುದರಿಂದ ಸಂದು 62ಕ್ಕೆ ಇಳಿಸಿ. ಚಾಕಿನ ನೀಲಿ ಮುಖ ಮೇಲಿರಲಿ, ಬಟ್ಟೆಗೆ ಕಲೆಯಾಗಬಾರದು.

ಮೆಲ್ಲಗೆ ಹೊಡೆದಾಗ ಹಾದುಹೋಗುವ ಬಾಲು ಜೋರಾಗಿ ಹೊಡೆದಾಗ ಚಾಕಿಗೆ ತಾಗುವುದು ಎಲ್ಲರಿಗೂ ಆಗುವುದೇ. ಎಷ್ಟು ಜೋರಿನವರೆಗೆ ನೆಟ್ಟಗಿದ್ದೀರಿ ಎಂದು ಗುರುತಿಟ್ಟುಕೊಂಡು, ಆಟದಲ್ಲಿಯೂ ಸದ್ಯಕ್ಕೆ ಅಷ್ಟರೊಳಗೇ ಆಡಿ.

ಅಂಗಡಿಯಲ್ಲಿ ಸಿಗುವವು

ಆನ್‌ಲೈನಿನಲ್ಲಿ ನೋಡಿದರೆ ತಲೆ ತಿರುಗುವಷ್ಟಿವೆ. ಕ್ಯೂವಿಗೆ ಸಿಕ್ಕಿಸುವ ಲೇಸರ್ ನನಗೆ ಒಪ್ಪಿಗೆ: ಎದುರಿನ ಗೋಡೆಯ ಮೇಲೆ ಕೆಂಪು ಚುಕ್ಕಿ ಅಡ್ಡ ಓಡಾಡಿದರೆ ಕೈ ಅಡ್ಡಾಡಿದೆ, ಮೇಲೆ ಕೆಳಗೆ ಆಡಿದರೆ ಅಷ್ಟು ಚಿಂತೆಯಿಲ್ಲ. ಮಕ್ಕಳು ಎದುರಿಗಿದ್ದಾಗ ಮಾತ್ರ ಹಚ್ಚಬೇಡಿ, ಕಣ್ಣಿಗೆ ಅಪಾಯ. ಕ್ಯೂವಿನ ಬುಡಕ್ಕೆ ತೊಡಿಸುವ ಸೆನ್ಸರ್ ತಪ್ಪಾದಾಗ ಮಾತ್ರ ನಡುಗಿ ತಿಳಿಸುತ್ತದೆ. ಅದೂ ಗೆರೆಯ ಜಾತಿಯೇ, ಬೆಲೆ ಮಾತ್ರ ಹೆಚ್ಚು. ಗುರುತು ಹಾಕಿದ ಅಭ್ಯಾಸದ ವೈಟ್ ಒಳ್ಳೆಯದು, ಆದರೆ ಪಟ್ಟೆ ಬಾಲು ಪುಕ್ಕಟೆ ಸಿಗುವಾಗ ಅವಸರವಿಲ್ಲ. ಮಣಿಕಟ್ಟನ್ನು ಬಿಗಿದು ಕಟ್ಟುವ ಪಟ್ಟಿ, ಕ್ಯೂವನ್ನು ಬಿಗಿಯಾಗಿ ಹಿಡಿದು ಓಡಿಸುವ ಕೊಳವೆ, ಇವಕ್ಕೆ ದುಡ್ಡು ಹಾಕಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ. ನನ್ನ 14 ಮಿ.ಮೀ. ಕಾಲುವೆಯ ಅಣ್ಣತಮ್ಮಂದಿರು ಅವು.

ದಿನಕ್ಕೆ ಹದಿನೈದು ನಿಮಿಷ

ಮೊದಲ ಎರಡು ವಾರ ಬಾಟಲಿ ಮಾತ್ರ, ದಿನಕ್ಕೆ ನಲವತ್ತು ಸ್ಟ್ರೋಕ್. ಮೂರನೆಯ ವಾರದಿಂದ ಐದು ಸ್ಟ್ರೋಕ್ ಬಾಟಲಿಯೊಳಗೆ, ಐದು ಬಾಟಲಿ ತೆಗೆದು ಖಾಲಿ ಮೇಜಿನ ಮೇಲೆ, ಮತ್ತೆ ಐದು ಬಾಟಲಿಯೊಳಗೆ. ಖಾಲಿ ಐದರ ನಂತರ ಬರುವ ಮೊದಲ ಸ್ಟ್ರೋಕ್ ತಾಗದೆ ಹೋಯಿತೇ ಎಂಬುದನ್ನೇ ಪುಸ್ತಕದಲ್ಲಿ ಬರೆಯಿರಿ; ನೆರವಿಲ್ಲದಾಗ ಕೈ ಎಲ್ಲಿತ್ತು ಎಂದು ಹೇಳುವುದು ಅದೊಂದೇ. ಐದನೆಯ ವಾರ ಬೆಂಕಿಪೊಟ್ಟಣಕ್ಕೆ ಬನ್ನಿ. ದಾರ, ಕನ್ನಡಿ ವಾರಕ್ಕೊಮ್ಮೆ ಸಾಕು. ದಣಿದ ಕೈಯಲ್ಲಿ ಮಾಡಬೇಡಿ. ತೋಟದಲ್ಲಿ ಇಡೀ ದಿನ ಅಡಿಕೆ ಕೊನೆ ಕೊಯ್ದು ಬಂದ ಸಂಜೆ ನನ್ನ ಸ್ಟ್ರೋಕ್ ಯಾವತ್ತೂ ನೆಟ್ಟಗಿದ್ದದ್ದಿಲ್ಲ. ಭುಜ ಬಿಗಿದಿರುತ್ತದೆ, ಆ ದಿನ ಬಿಟ್ಟುಬಿಡುವುದೇ ಒಳ್ಳೆಯದು.

ಮಳೆಗಾಲದಲ್ಲಿ

ನಮ್ಮ ಕಡೆ ಆರಿದ್ರಾ ಮಳೆ ಹಿಡಿಯಿತೆಂದರೆ ಗೋಡೆ, ಬಟ್ಟೆ, ಮರ ಎಲ್ಲವೂ ನೀರು ಕುಡಿಯುತ್ತವೆ. ಕೈ ತಿದ್ದುವ ಮೊದಲು ಕ್ಯೂ ನೆಟ್ಟಗಿದೆಯೇ ನೋಡಿ. ಆಚಾರ್ರು ನೋಡಿದ ಹಾಗೆ ಒಂದು ಕಣ್ಣು ಮುಚ್ಚಿ, ಬುಡದಿಂದ ಟಿಪ್ಪಿನವರೆಗೆ ನೋಡುತ್ತ ನಿಧಾನಕ್ಕೆ ತಿರುಗಿಸಿ. ಬಾಗಿದ್ದರೆ ಒಂದು ಜಾಗದಲ್ಲಿ ಗೊತ್ತಾಗುತ್ತದೆ. ಗೋಡೆಗೆ ಒರಗಿಸಿ ಇಡಬೇಡಿ, ಬಚ್ಚಲ ಒಲೆಯ ಹತ್ತಿರವಾಗಲಿ ಅಡಿಕೆ ಒಣಗಿಸುವ ಅಟ್ಟದ ಮೇಲಾಗಲಿ ಬೇಡವೇ ಬೇಡ. ಒಂದು ದಿನ ಬಿಸಿ, ಒಂದು ದಿನ ತಂಡಿ ಆಗುವುದೇ ಮರವನ್ನು ಬಾಗಿಸುವುದು. ಒಳಗೋಡೆಯ ಮೊಳೆಗೆ ನೇತುಹಾಕಿ, ಅಥವಾ ಕೇಸಿನಲ್ಲಿ ಮಲಗಿಸಿ ವಾರಕ್ಕೊಮ್ಮೆ ತೆರೆದು ಗಾಳಿಯಾಡಿಸಿ, ಇಲ್ಲದಿದ್ದರೆ ಬೂಷ್ಟು ಬರುತ್ತದೆ. ತೋಟಕ್ಕೆ ಕಾರ್ಬನ್ ಫೈಬರ್ ದೋಟಿ (ಕೊನೆ ಕೊಯ್ಯುವ ಉದ್ದ ಕೋಲು) ಬಂದ ಹಾಗೆ ಕ್ಯೂಗಳಿಗೂ ಕಾರ್ಬನ್ ಶಾಫ್ಟ್ ಬಂದಿವೆ. ಅವು ತಂಡಿಗೆ ಬಾಗುವುದಿಲ್ಲ ಎಂಬುದು ಮಲೆನಾಡಿನವರಿಗೆ ನಿಜವಾದ ಅನುಕೂಲ, ಆದರೆ ಬೆಲೆ ದುಬಾರಿ.

ಶಾಫ್ಟು ಬ್ರಿಜ್ ಕೈಗೆ ಅಂಟಿದರೆ ಸ್ಟ್ರೋಕ್ ತಡೆತಡೆದು ಹೋಗುತ್ತದೆ, ಓರೆಯೂ ಆಗುತ್ತದೆ. ಪೌಡರ್ ಸುರಿದುಕೊಳ್ಳುವವರಿದ್ದಾರೆ, ಅದು ಟೇಬಲ್ ಬಟ್ಟೆಯನ್ನು ಹಾಳುಮಾಡುತ್ತದೆ. ಒಣ ಹತ್ತಿ ಬಟ್ಟೆಯಿಂದ ಶಾಫ್ಟು ಬೆಚ್ಚಗಾಗುವವರೆಗೆ ಉಜ್ಜಿದರೆ ಸಾಕು, ಇಲ್ಲವೇ ಮೂರು ಬೆರಳಿನ ಕೈಗವಸು ಹಾಕಿಕೊಳ್ಳಿ. ಚಾಕನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಂದು ಹಿಡಿ ಹುರಿದ ಅಕ್ಕಿಯ ಜೊತೆ ಇಡಿ. ತಂಡಿ ಹಿಡಿದ ಚಾಕ್ ಟಿಪ್ಪಿಗೆ ಹತ್ತುವುದಿಲ್ಲ, ಟಿಪ್ಪು ಜಾರಿದ್ದನ್ನು ನೀವು ಸ್ಟ್ರೋಕಿನ ದೋಷ ಎಂದುಕೊಳ್ಳುತ್ತೀರಿ. ರೀಪೂ ಉಬ್ಬುತ್ತದೆ, ಹಾಗಾಗಿ ಜುಲೈ ತಿಂಗಳಲ್ಲಿ ಸಂದನ್ನು ಸ್ಕೇಲ್ ಹಿಡಿದು ಮತ್ತೆ ಅಳೆಯಿರಿ.

ಎರಡು ತಿಂಗಳಾದ ಮೇಲೆ ಮೊದಲಿನ ಹತ್ತು ಹೊಡೆತದ ಪರೀಕ್ಷೆಯನ್ನು ಅದೇ ಟೇಬಲ್ಲಿನಲ್ಲಿ ಮಾಡಿ, ಹಳೆಯ ಲೆಕ್ಕದ ಪಕ್ಕದಲ್ಲೇ ಬರೆಯಿರಿ. ತೇವ ಹಿಡಿದ ಬಟ್ಟೆಯ ಮೇಲೆ ಬಾಲು ನಿಧಾನ ಓಡುತ್ತದೆ, ಸ್ವಲ್ಪ ಜೋರಾಗಿ ಹೊಡೆಯಬೇಕಾದೀತು. ದಿಕ್ಕನ್ನು ಮಾತ್ರ ನೋಡಿ. ಲೆಕ್ಕ ಬದಲಾಗಿಲ್ಲದಿದ್ದರೆ ಹೊಸ ಸಾಧನ ಹುಡುಕಬೇಡಿ. ನೆಲದ ಮೇಲಿನ ಸೀಮೆಸುಣ್ಣದ ಗೆರೆಗೆ ವಾಪಸ್ ಹೋಗಿ, ಬಲಪಾದ ಎಲ್ಲಿದೆ ಎಂದು ಮೊದಲು ನೋಡಿ.